ಎಲುಬು, ತೊಗಲು, ಅಂಗಾಂಶ: ನಮ್ಮ ಮೈಯ ಮಾತುಗಳು

ಸುವರ್ಣ ಮಹೋತ್ಸವದ ಸ್ಮರಣ ಸಂಚಿಕೆಗೆ ನಾನೂ ಒಂದು ಲೇಖನವನ್ನು ಬರೆದುಕೊಡಬೇಕೆಂದು ಸಮಿತಿಯವರು ಮನೆಗೇ ಬಂದು ಕೇಳಿದಾಗ, ಹಳೆಯ ದಿನಗಳ ನೆನಪನ್ನು ಬರೆಯುವುದೋ ಬೇರೇನನ್ನಾದರೂ ಬರೆಯುವುದೋ ಎಂದು ಎರಡು ದಿನ ಯೋಚಿಸಿದೆನು. ನೆನಪುಗಳನ್ನು ನನಗಿಂತ ಚೆನ್ನಾಗಿ ಬರೆಯಬಲ್ಲವರು ಈ ಸಂಚಿಕೆಯಲ್ಲಿ ಅನೇಕರಿದ್ದಾರೆ. ನನಗೆ ಬರುವುದು ಪಾಠ ಹೇಳುವುದೊಂದೇ. ಆದುದರಿಂದ ನನ್ನ ಹಳೆಯ ವಿದ್ಯಾರ್ಥಿಗಳು ಮತ್ತೊಮ್ಮೆ ಬೆಂಚುಗಳ ಮೇಲೆ ಬಂದು ಕುಳಿತಿದ್ದಾರೆಂದು ಭಾವಿಸಿ, ಮಾನವ ಶರೀರದ ಒಂದು ಪಾಠವನ್ನೇ ಇಲ್ಲಿ ಬರೆಯುತ್ತಿದ್ದೇನೆ. ಈ ಸಲ ಹಾಜರಿ ಕರೆಯುವುದಿಲ್ಲ.

ನಾನು ವೈದ್ಯನಲ್ಲ, ಕನ್ನಡ ಮಾಧ್ಯಮದಲ್ಲಿ ಮೆಟ್ರಿಕ್ ಮುಗಿಸಿ, ಕನ್ನಡದಲ್ಲಿಯೇ ವಿಜ್ಞಾನವನ್ನು ಬೋಧಿಸಿದ ಒಬ್ಬ ಉಪಾಧ್ಯಾಯ. ಆದರೆ ಈ ಪಾಠದಲ್ಲಿ ಬರುವ ಶಬ್ದಗಳ ವಿಷಯವಾಗಿ ನಮ್ಮ ಸೀಮೆಯವರಿಗೆ ಇರುವಷ್ಟು ತೊಡಕು ಮೈಸೂರಿನವರಿಗಾಗಲಿ ಧಾರವಾಡದವರಿಗಾಗಲಿ ಇಲ್ಲ. ಆದವಾನಿ, ಆಲೂರು ತಾಲ್ಲೂಕುಗಳು 1953ರವರೆಗೆ ಬಳ್ಳಾರಿ ಜಿಲ್ಲೆಗೆ ಸೇರಿದ್ದವು. ಆ ವರ್ಷದ ಅಕ್ಟೋಬರ್ 1ರಂದು ಆಂಧ್ರ ರಾಜ್ಯವು ಹುಟ್ಟಿದಾಗ ಇವೆರಡೂ ಕರ್ನೂಲು ಜಿಲ್ಲೆಗೆ ಸೇರಿದವು. ರಾಯದುರ್ಗವು ಅನಂತಪುರಕ್ಕೆ ಹೋಯಿತು. ಉಳಿದ ಬಳ್ಳಾರಿಯು ಮೈಸೂರಿನ ಪಾಲಾಯಿತು. ಗೆರೆಯು ಭೂಪಟದ ಮೇಲೆ ಬಿದ್ದಿತೇ ಹೊರತು ಜನರ ನಾಲಗೆಯ ಮೇಲೆ ಬೀಳಲಿಲ್ಲ. ಕೌತಾಳಂ, ಹೊಳಗುಂದ, ಕೋಸಿಗಿಗಳ ಕಡೆಗೆ ಮನೆಯಲ್ಲಿ ಕನ್ನಡ, ಸಂತೆಯಲ್ಲಿ ಕನ್ನಡ ತೆಲುಗು ಎರಡೂ, ಕಚೇರಿಯಲ್ಲಿ ಮತ್ತು ಆಸ್ಪತ್ರೆಯಲ್ಲಿ ತೆಲುಗು ಎಂಬ ಕ್ರಮವು ಇಂದಿಗೂ ನಡೆದಿದೆ. ಹೊಟ್ಟೆನೋವು ಬಂದವನು ಭಾಷೆಯ ಗಡಿಯನ್ನು ದಾಟಿಯೇ ಔಷಧವನ್ನು ತರಬೇಕು.

ಇದರ ಕಷ್ಟವು ನನಗೆ ತಿಳಿದುಬಂದ ಸಂದರ್ಭವನ್ನು ತರಗತಿಯಲ್ಲಿ ನಾನೆಂದೂ ಹೇಳಿರಲಿಲ್ಲ. ಈಗ ಹೇಳುತ್ತೇನೆ. 1960ರ ದಶಕದ ಕೊನೆಯಲ್ಲಿ, ನಾನು ಮೆಟ್ರಿಕ್ ಪಾಸಾದ ವರ್ಷ, ನಮ್ಮ ಅಜ್ಜಿ ಹಿತ್ತಲಿನಲ್ಲಿ ಜಾರಿ ಬಿದ್ದಳು. ಎದ್ದು ನಿಲ್ಲಲಾಗಲಿಲ್ಲ. ಅವಳು "ಎಲುಬು ಮುರುದೈತೋ ಏನೋ ನೋಡ್ರಪಾ" ಎಂದು ನರಳುತ್ತಿದ್ದಳು. ಅವಳನ್ನು ಬಂಡಿಯಲ್ಲಿ ಹುಲ್ಲಿನ ಮೇಲೆ ಮಲಗಿಸಿಕೊಂಡು ಪಟ್ಟಣದ ಒಂದು ಔಷಧಾಲಯಕ್ಕೆ ಹೋದೆವು. ವೈದ್ಯರು ಹೊರಗೆ ಹೋಗಿದ್ದರು. ಕಾಂಪೌಂಡರು ಮಾತ್ರ ಇದ್ದರು. ಮನೆಗೆಲ್ಲ ಓದಿದವನು ನಾನೊಬ್ಬನೇ ಆದುದರಿಂದ ಒಳಗೆ ಹೋಗಿ ಹೇಳುವ ಭಾರ ನನ್ನ ಮೇಲೆ ಬಿದ್ದಿತು. ನನಗೆ ಆಗ ಎರಡು ತಪ್ಪು ತಿಳಿವಳಿಕೆಗಳಿದ್ದವು. ಒಂದು, ಅಜ್ಜಿಯ "ಎಲುಬು" ಹಳ್ಳಿಯ ಮಾತು, ಪುಸ್ತಕದ "ಮೂಳೆ"ಯೇ ಶುದ್ಧವಾದ ಮಾತು ಎಂಬುದು. ಎರಡು, ಕನ್ನಡದ ಶಬ್ದಕ್ಕೆ ಕೊನೆಯಲ್ಲಿ "ಲು" ಹಚ್ಚಿದರೆ ಅದು ತೆಲುಗಾಗುತ್ತದೆ ಎಂಬುದು. "ಮಾ ಅವ್ವಕು ಮೂಳೆಲು ನೊಪ್ಪಿ" ಎಂದು ಬಿನ್ನವಿಸಿದೆನು. ತೆಲುಗಿನಲ್ಲಿ "ಮೊಲಲು" ಎಂದರೆ ಮೂಲವ್ಯಾಧಿ. ಆತನು ಹಾಗೆಯೇ ಕೇಳಿಸಿಕೊಂಡು, ಏಳು ಪೊಟ್ಟಣ ಪುಡಿಯನ್ನು ಕಟ್ಟಿಕೊಟ್ಟು, ಖಾರ ತಿನ್ನಬಾರದು, ಮಜ್ಜಿಗೆ ಕುಡಿಯಬೇಕು ಎಂದು ಪಥ್ಯ ಹೇಳಿ ಕಳುಹಿಸಿದನು. ಹೊರಗೆ ಬಂದು ಬಂಡಿಯನ್ನು ನೋಡಿರೆಂದು ನಾನು ಕೇಳಲಿಲ್ಲ, ಆತನೂ ನೋಡಲಿಲ್ಲ. ಪುಡಿ ಮುಗಿಯುವವರೆಗೆ ಒಂದು ವಾರ ಕಳೆಯಿತು. ಅನಂತರ ಬಳ್ಳಾರಿಗೆ ಕರೆದೊಯ್ದಾಗ ಅಲ್ಲಿಯ ವೈದ್ಯರು ತೊಡೆಯೆಲುಬಿನ ಕೊರಳು ಮುರಿದಿದೆ, ಬಹಳ ತಡವಾಯಿತು ಎಂದರು. ಅಜ್ಜಿ ಮತ್ತೆ ನಡೆಯಲಿಲ್ಲ. ಎರಡು ವರ್ಷ ಹೊರಸಿನ ಮೇಲಿದ್ದು ತೀರಿಕೊಂಡಳು.

ಆ ಭಾಗದ ಎಲುಬಿಗೆ ರಕ್ತದ ಪೂರೈಕೆ ಕಡಿಮೆಯಿರುವುದರಿಂದ ಅದು ಬೇಗ ನೋಡಿದರೂ ಕೂಡುವುದು ಕಷ್ಟವೆಂದು ಮುಂದೆ ಓದಿ ತಿಳಿದುಕೊಂಡೆನು. ಆದರೂ ಆ ಏಳು ಪೊಟ್ಟಣಗಳ ಲೆಕ್ಕ ನನ್ನ ಮನಸ್ಸಿನಿಂದ ಹೋಗಿಲ್ಲ. ವಿಚಿತ್ರವೇನೆಂದರೆ, ಅಜ್ಜಿಯ ಮಾತನ್ನೇ ನಾನು ಹಾಗೆಯೇ ಹೇಳಿದ್ದರೆ ಆ ತೆಲುಗರಿಗೆ ತಿಳಿಯುತ್ತಿತ್ತು. ಕನ್ನಡದ "ಎಲುಬು", ತಮಿಳಿನ "ಎಲುಂಬು", ತೆಲುಗಿನ "ಎಮುಕ" ಇವು ಒಂದೇ ಬಳ್ಳಿಯ ಕಾಯಿಗಳೆಂದು ಭಾಷಾಪಂಡಿತರು ಹೇಳುತ್ತಾರೆ. ನಮ್ಮ "ಬೆನ್ನೆಲುಬು" ಅವರ "ವೆನ್ನೆಮುಕ". ನಾನು ಆರಿಸಿಕೊಂಡ "ಮೂಳೆ"ಯ ಕಥೆಯೇ ಬೇರೆ. ಅದೇ ಮೂಲದ ಶಬ್ದವು ಕನ್ನಡದಲ್ಲಿ ಎಲುಬಾಗಿದೆ. ತೆಲುಗಿನಲ್ಲಿ "ಮೂಲುಗ" ಎಂದರೆ ಎಲುಬಿನ ಒಳಗಿನ ಮಜ್ಜೆ. ತಮಿಳಿನಲ್ಲಿ "ಮೂಳೈ" ಎಂದರೆ ಮಿದುಳು. ಮೂವರು ಅಣ್ಣತಮ್ಮಂದಿರು ಒಂದೇ ಹೊಲವನ್ನು ಹಂಚಿಕೊಂಡು ಒಬ್ಬನು ಹೊರಗಿನ ಬದುವನ್ನೂ, ಒಬ್ಬನು ಒಳಗಿನ ಮಣ್ಣನ್ನೂ, ಒಬ್ಬನು ದೂರದ ಗುಡ್ಡವನ್ನೂ ಹಿಡಿದಂತಾಗಿದೆ.

ಇರಲಿ, ಪಾಠಕ್ಕೆ ಬರೋಣ.

ಶರೀರದ ಅತಿ ಚಿಕ್ಕ ಜೀವಂತ ಘಟಕವು ಜೀವಕೋಶ. ಒಂದೇ ಬಗೆಯ ಕೆಲಸವನ್ನು ಮಾಡುವ ಜೀವಕೋಶಗಳು ಕೂಡಿಕೊಂಡು ಆದ ಗುಂಪಿಗೆ ಅಂಗಾಂಶ ಎಂದು ಹೆಸರು. ಹಲವು ಅಂಗಾಂಶಗಳು ಸೇರಿ ಒಂದು ಅಂಗ. ಅಂಗಗಳು ಸೇರಿ ಅಂಗವ್ಯೂಹ. ಇಷ್ಟನ್ನು ನೀವೆಲ್ಲರೂ ಬಾಯಿಪಾಠ ಮಾಡಿದ್ದೀರಿ. ಆಂಗ್ಲದಲ್ಲಿ ಅಂಗಾಂಶಕ್ಕೆ ಟಿಶ್ಯೂ ಎನ್ನುತ್ತಾರೆ. ಅದು ಫ್ರೆಂಚ್ ಭಾಷೆಯಿಂದ ಬಂದ ಶಬ್ದ. ನೇಯ್ದ ಬಟ್ಟೆ ಎಂದು ಅದರ ಅರ್ಥ. ಬಿಷಾ ಎಂಬ ಫ್ರೆಂಚ್ ವೈದ್ಯನು 1801ರಲ್ಲಿ ಪ್ರಕಟಿಸಿದ ತನ್ನ ಗ್ರಂಥದಲ್ಲಿ, ಸೂಕ್ಷ್ಮದರ್ಶಕವನ್ನು ನಂಬದೆ ಬರಿಗಣ್ಣಿನಿಂದಲೇ ಪರೀಕ್ಷಿಸಿ, ಮನುಷ್ಯ ದೇಹದಲ್ಲಿ 21 ಬಗೆಯ ಇಂತಹ ನೇಯ್ಗೆಗಳಿವೆ ಎಂದು ತೋರಿಸಿದನು. ಮರುವರ್ಷವೇ ಮೂವತ್ತರ ವಯಸ್ಸಿನಲ್ಲಿ ತೀರಿಕೊಂಡನು. ಹತ್ತಿಯ ಗಿರಣಿಗಳ ಆದವಾನಿಯಲ್ಲಿ, ಮಾಚಾನಿ ಸೋಮಪ್ಪನವರು 1938ರಲ್ಲಿ ನೇಕಾರರ ಸಹಕಾರಿ ಸಂಘವನ್ನು ಕಟ್ಟಿದ ಯೆಮ್ಮಿಗನೂರಿನ ಮಗ್ಗುಲಲ್ಲಿ ಬೆಳೆದ ನಮ್ಮ ಮಕ್ಕಳಿಗೆ ಈ ಹೋಲಿಕೆಯನ್ನು ಬಿಡಿಸಿ ಹೇಳಬೇಕಾದುದಿಲ್ಲ. ನೂಲೇ ಜೀವಕೋಶ, ನೇಯ್ದ ಬಟ್ಟೆಯೇ ಅಂಗಾಂಶ, ಹೊಲಿದ ಅಂಗಿಯೇ ಅಂಗ.

ನಮ್ಮ "ಅಂಗಾಂಶ" ಎಂಬ ಶಬ್ದದಲ್ಲಿ ಈ ನೇಯ್ಗೆಯ ಭಾವವು ಇಲ್ಲ. ಅಂಗದ ಒಂದು ಅಂಶ ಎಂದಷ್ಟೇ ಅದು ಹೇಳುತ್ತದೆ. ತೆಲುಗಿನವರು "ಕಣಜಾಲ" ಎಂದರು. ಅವರಲ್ಲಿ "ಕಣ" ಎಂದರೆ ಜೀವಕೋಶ. ಕಣಗಳ ಬಲೆ ಎಂಬ ಕಲ್ಪನೆಯು ಚೆನ್ನಾಗಿದೆ. ಆದರೆ ಕನ್ನಡದ ಹುಡುಗನಿಗೆ ಕಣವೆಂದರೆ ಭೌತಶಾಸ್ತ್ರದ ಧೂಳಿನ ಕಣ, ಇಲ್ಲವೆ ಜೋಳ ಒಕ್ಕುವ ಕಣ. ಹಿಂದಿಯವರು "ಊತಕ" ಎಂದಿದ್ದಾರೆ. ಸಂಸ್ಕೃತದಲ್ಲಿ "ಊತ" ಎಂದರೆ ನೇಯ್ದದ್ದು. ನಾವು "ಓತಪ್ರೋತವಾಗಿ" ಎನ್ನುವಾಗ ಬರುವುದೂ ಅದೇ ಮಗ್ಗದ ಮಾತೇ. ಅರ್ಥದ ದೃಷ್ಟಿಯಿಂದ ಊತಕವೇ ಮೂರರಲ್ಲಿ ಸರಿಯಾದ ಶಬ್ದವೆಂದು ನನ್ನ ಅಭಿಪ್ರಾಯ. ಆದರೆ ಕನ್ನಡದಲ್ಲಿ ಊತವೆಂದರೆ ಬಾವು! "ಸ್ನಾಯು ಊತಕ" ಎಂದು ಓದಿದ ಹುಡುಗನು ಸ್ನಾಯು ಊದಿಕೊಂಡಿದೆಯೆಂದು ತಿಳಿದರೆ ಅವನ ತಪ್ಪಲ್ಲ. ಆದುದರಿಂದ ಅಂಗಾಂಶವೇ ನಮಗೆ ಗತಿ. ಐವತ್ತು ವರ್ಷ ಬಳಸಿದ ಮೇಲೆ ಅದೂ ಸವೆದು ನುಣುಪಾಗಿದೆ.

ಬಿಷಾನ 21 ಬಗೆಗಳನ್ನು ಇಂದು ನಾಲ್ಕು ಮುಖ್ಯ ವರ್ಗಗಳಲ್ಲಿ ಅಡಕಗೊಳಿಸಿದ್ದಾರೆ. ದೇಹದ ಹೊರಮೈಯನ್ನೂ ಒಳಗಿನ ಕೊಳವೆಗಳ ಗೋಡೆಯನ್ನೂ ಹೊದಿಸಿರುವುದು ಅನುಲೇಪಕ ಅಂಗಾಂಶ. ದೇವರಿಗೆ ಗಂಧದ ಅನುಲೇಪನ ಮಾಡುವುದನ್ನು ನೋಡಿದವರಿಗೆ ಈ ಹೆಸರು ಸುಲಭ. ತೆಲುಗಿನಲ್ಲಿ ಇದು "ಉಪಕಳಾ ಕಣಜಾಲ", ಆಂಗ್ಲದಲ್ಲಿ ಎಪಿಥೀಲಿಯಲ್ ಟಿಶ್ಯೂ. ಎರಡನೆಯದು ಸಂಯೋಜಕ ಅಂಗಾಂಶ, ಅಂದರೆ ಒಂದನ್ನೊಂದು ಕೂಡಿಸುವುದು. ಎಲುಬು, ಮೃದ್ವಸ್ಥಿ, ನೆಣ, ರಕ್ತ ಇವೆಲ್ಲ ಈ ವರ್ಗಕ್ಕೆ ಸೇರುತ್ತವೆ. ಹರಿಯುವ ರಕ್ತವೂ ಗಟ್ಟಿಯಾದ ಎಲುಬೂ ಒಂದೇ ಕುಲದವೆಂದರೆ ಪ್ರತಿ ವರ್ಷವೂ ತರಗತಿಯಲ್ಲಿ ಯಾರಾದರೂ ಒಬ್ಬರು ನಂಬುತ್ತಿರಲಿಲ್ಲ. ಕೋಶಗಳು ವಿರಳವಾಗಿದ್ದು ಅವುಗಳ ನಡುವೆ ತುಂಬಿರುವ ದ್ರವ್ಯವೇ ಅಧಿಕವಾಗಿರುವುದು ಈ ಕುಲದ ಲಕ್ಷಣ. ಆ ದ್ರವ್ಯವು ಸುಣ್ಣದಂತೆ ಗಟ್ಟಿಯಾದರೆ ಎಲುಬು, ನೀರಾಗಿ ಉಳಿದರೆ ರಕ್ತ. ಮೂರನೆಯದು ಸ್ನಾಯು ಅಂಗಾಂಶ, ನಾಲ್ಕನೆಯದು ನರ ಅಂಗಾಂಶ.

ಈ ಕೊನೆಯ ಎರಡರಲ್ಲಿ ನಮ್ಮ ಮಕ್ಕಳು ತಪ್ಪದೆ ಎಡವುತ್ತಾರೆ. ಕನ್ನಡದಲ್ಲಿ ಸ್ನಾಯುವೆಂದರೆ ಮಾಂಸಖಂಡ. ಪ್ರಾಚೀನ ಆಯುರ್ವೇದದಲ್ಲಿ ಮಾಂಸಖಂಡಕ್ಕೆ "ಪೇಶಿ" ಎಂದು ಹೆಸರು. "ಸ್ನಾಯು" ಎಂದರೆ ಕಟ್ಟುವ ಹುರಿ. ಹಿಂದಿಯ ಪಠ್ಯದಲ್ಲಿ ಇಂದಿಗೂ ಸ್ನಾಯುವೆಂದರೆ ಎಲುಬಿಗೆ ಎಲುಬನ್ನು ಬಿಗಿಯುವ ಲಿಗಮೆಂಟ್. ತೆಲುಗಿನಲ್ಲಿ ಮಾಂಸಖಂಡವು "ಕಂಡರ". ನಮ್ಮಲ್ಲಿ ಮಾಂಸಖಂಡವನ್ನು ಎಲುಬಿಗೆ ಕಟ್ಟುವ ಹುರಿಯು ಸ್ನಾಯುರಜ್ಜು, ಎಲುಬನ್ನು ಎಲುಬಿಗೆ ಕಟ್ಟುವುದು ಅಸ್ಥಿರಜ್ಜು. ತೆಲುಗಿನಲ್ಲಿ ಅವು ಕ್ರಮವಾಗಿ "ಸ್ನಾಯುಬಂಧನ" ಮತ್ತು "ಸಂಧಿಬಂಧನ". ಹಿಮ್ಮಡಿಯ ಮೇಲೆ ದಪ್ಪನೆಯ ಹಗ್ಗದಂತೆ ಕೈಗೆ ಸಿಗುವುದೇ ದೇಹದ ಅತ್ಯಂತ ಬಲವಾದ ಸ್ನಾಯುರಜ್ಜು. ಈಗಲೇ ಮುಟ್ಟಿ ನೋಡಬಹುದು. ಇನ್ನು ನರ. ತೆಲುಗಿನ ಪುಸ್ತಕದಲ್ಲಿ ಅದು "ನಾಡಿ". ನಮಗೆ ನಾಡಿಯೆಂದರೆ ಪಂಡಿತರು ಮಣಿಕಟ್ಟಿನಲ್ಲಿ ಹಿಡಿದು ನೋಡುವ ಮಿಡಿತ. ಇಲ್ಲಿ ಹತ್ತನೆಯ ತರಗತಿ ಮುಗಿಸಿ ತೆಲುಗು ಮಾಧ್ಯಮದ ಜೂನಿಯರ್ ಕಾಲೇಜಿಗೆ ಸೇರಿದ ಒಬ್ಬ ಶಿಷ್ಯನು "ನಾಡೀಮಂಡಲ"ದ ಪ್ರಶ್ನೆಗೆ ಹೃದಯಬಡಿತವನ್ನು ಎರಡು ಪುಟ ಬರೆದು ಬಂದಿದ್ದನು. ಪಾಪ, ಬರೆದುದೆಲ್ಲ ಸರಿಯಾಗಿಯೇ ಇತ್ತು. ಪ್ರಶ್ನೆ ಮಾತ್ರ ಬೇರೆಯಿತ್ತು.

ಕನ್ನಡದಲ್ಲಿ ಇಂತಹ ಶಬ್ದಗಳನ್ನು ಕಟ್ಟುವ ಕೆಲಸವು ನಿನ್ನೆ ಮೊನ್ನೆಯದಲ್ಲ. ಹನ್ನೆರಡನೆಯ ಶತಮಾನದಲ್ಲಿಯೇ ಜಗದ್ದಳ ಸೋಮನಾಥನು ಕನ್ನಡದಲ್ಲಿ ವೈದ್ಯಗ್ರಂಥವನ್ನು ಬರೆದನು; ಕೀರ್ತಿವರ್ಮನು ದನಗಳ ವೈದ್ಯವನ್ನು ಬರೆದನು. ಆಧುನಿಕ ಕಾಲದಲ್ಲಿ ಬೆಳ್ಳಾವೆ ವೆಂಕಟನಾರಣಪ್ಪ ಮತ್ತು ನಂಗಪುರಂ ವೆಂಕಟೇಶ ಅಯ್ಯಂಗಾರ್ ಅವರು 1918ರಲ್ಲಿ "ವಿಜ್ಞಾನ" ಎಂಬ ಮಾಸಪತ್ರಿಕೆಯನ್ನೇ ಆರಂಭಿಸಿದರು. ಅದು ಎರಡು ವರ್ಷ ಮಾತ್ರ ನಡೆಯಿತು. ಶಿವರಾಮ ಕಾರಂತರ "ಬಾಲಪ್ರಪಂಚ" 1936ರಲ್ಲಿ ಬಂದಿತು. ನಮ್ಮ ಶಾಲೆಗೆ ಪಠ್ಯಪುಸ್ತಕಗಳು ತಡವಾಗಿ ಬಂದ ವರ್ಷಗಳಲ್ಲಿ ಬಳ್ಳಾರಿಯಿಂದ ಕರ್ನಾಟಕದ ಪುಸ್ತಕಗಳನ್ನು ತರಿಸಿ ಪಾಠ ಮಾಡಿದ್ದೂ ಉಂಟು. ಒಂದೇ ತರಗತಿಯಲ್ಲಿ ಎರಡು ಸರ್ಕಾರಗಳ ಪುಸ್ತಕಗಳು, ಒಂದೇ ಅಂಗಕ್ಕೆ ಎರಡು ಹೆಸರುಗಳು. ಆಗ ನಾನು ಕಪ್ಪುಹಲಗೆಯ ಮೇಲೆ ಮೂರು ಸಾಲು ಎಳೆದು ಮನೆಯ ಮಾತು, ಪುಸ್ತಕದ ಮಾತು, ತೆಲುಗು ಮಾತು ಎಂದು ಬರೆಯಿಸಲು ಮೊದಲುಮಾಡಿದೆನು. ತನಿಖೆಗೆ ಬಂದ ಅಧಿಕಾರಿಗಳೊಬ್ಬರು ಇದು ಭಾಷೆಯ ಪಾಠವೋ ವಿಜ್ಞಾನದ ಪಾಠವೋ ಎಂದು ಕೇಳಿದರು. ಎರಡೂ ಎಂದೆನು.

ಈಗ ಚರ್ಮಕ್ಕೆ ಬರೋಣ. ಮನೆಯ ಮಾತು ತೊಗಲು. ತೆಲುಗಿನ "ತೋಲು", ತಮಿಳಿನ "ತೋಲ್" ಇದರ ಒಡಹುಟ್ಟಿದವು. ನಮ್ಮ ತೊಗಲುಗೊಂಬೆಯಾಟವೇ ಅವರ "ತೋಲು ಬೊಮ್ಮಲಾಟ". ಆದರೆ ರೂಢಿಯಲ್ಲಿ ತೊಗಲು ದನಕುರಿಗಳಿಗೂ, ಚರ್ಮವು ಮನುಷ್ಯರಿಗೂ ಮೀಸಲಾಗಿದೆ. ಮನುಷ್ಯನು ತನಗೆ ಸಂಸ್ಕೃತವನ್ನು ಇಟ್ಟುಕೊಂಡು ದೇಶೀ ಶಬ್ದವನ್ನು ಪಶುಗಳಿಗೆ ಬಿಟ್ಟುಕೊಟ್ಟಿದ್ದಾನೆ. ವಸ್ತು ಮಾತ್ರ ಒಂದೇ.

ಚರ್ಮವು ನಮ್ಮ ದೇಹದ ಅತಿ ದೊಡ್ಡ ಅಂಗ. ಬೆಳೆದ ಮನುಷ್ಯನ ಚರ್ಮವನ್ನು ಹಾಸಿದರೆ ಒಂದೂವರೆಯಿಂದ ಎರಡು ಚದರ ಮೀಟರ್ ಆಗುತ್ತದೆ. ಅದರಲ್ಲಿ ಹೊರಚರ್ಮ, ಒಳಚರ್ಮ ಎಂದು ಎರಡು ಪದರಗಳು. ಅವುಗಳ ಕೆಳಗೆ ನೆಣದ ಹಾಸು. ಸುಶ್ರುತನು ಚರ್ಮಕ್ಕೆ ಏಳು ಪದರಗಳನ್ನು ಹೇಳಿ ಅವಭಾಸಿನಿಯೇ ಮೊದಲಾದ ಹೆಸರುಗಳನ್ನಿಟ್ಟಿದ್ದಾನೆ. ಚರಕನು ಆರನ್ನು ಹೇಳಿದ್ದಾನೆ. ಇಂದಿನವರು ಹೊರಚರ್ಮವೊಂದರಲ್ಲಿಯೇ ನಾಲ್ಕೈದು ಒಳಪದರಗಳನ್ನು ಎಣಿಸುತ್ತಾರೆ. ಹೊರಚರ್ಮದಲ್ಲಿ ರಕ್ತನಾಳಗಳಿಲ್ಲ. ಬಟ್ಟೆ ಹೊಲಿಯುವಾಗ ಸೂಜಿಯು ಬೆರಳಿನ ಮೇಲ್ದೊಗಲಿನಲ್ಲಿ ಹಾದುಹೋದರೂ ರಕ್ತ ಬಾರದಿರುವುದಕ್ಕೆ ಇದೇ ಕಾರಣ. ಅದರ ತಳದಲ್ಲಿ ಹೊಸ ಕೋಶಗಳು ಹುಟ್ಟಿ, ಮೇಲಕ್ಕೆ ಏರುತ್ತ ಒಣಗಿ ಸತ್ತು, ಸುಮಾರು ನಾಲ್ಕು ವಾರಗಳಲ್ಲಿ ಹೊಟ್ಟಿನಂತೆ ಉದುರುತ್ತವೆ. ಮೈ ಉಜ್ಜಿದಾಗ ಬರುವ ಮಣ್ಣಿನಲ್ಲಿ ಮಣ್ಣಿಗಿಂತ ನಾವೇ ಹೆಚ್ಚು ಇರುತ್ತೇವೆ. ಕಣ್ಣಿನ ರೆಪ್ಪೆಯಲ್ಲಿ ಚರ್ಮವು ಅರ್ಧ ಮಿಲಿಮೀಟರ್ ದಪ್ಪ, ಅಂಗಾಲಿನಲ್ಲಿ ಅದರ ಹಲವು ಪಟ್ಟು. ಬರಿಗಾಲಿನಲ್ಲಿ ಕರಿಯ ಎರೆಹೊಲಗಳನ್ನು ತುಳಿದವರ ಅಂಗಾಲನ್ನು ನೋಡಿದವರಿಗೆ ಇದನ್ನು ಹೇಳಬೇಕಾದುದಿಲ್ಲ.

ಒಳಚರ್ಮವು ಸಂಯೋಜಕ ಅಂಗಾಂಶದಿಂದ ಆದುದು. ರಕ್ತನಾಳಗಳು, ನರಗಳ ತುದಿಗಳು, ಕೂದಲಿನ ಬೇರುಗಳು, ಬೆವರಿನ ಗ್ರಂಥಿಗಳು ಎಲ್ಲವೂ ಇಲ್ಲಿಯೇ ಇವೆ. ಮೈಯಲ್ಲಿ 20ರಿಂದ 40 ಲಕ್ಷದವರೆಗೆ ಬೆವರಿನ ಗ್ರಂಥಿಗಳಿರುತ್ತವೆ. ನಮ್ಮ ಸೀಮೆಯ ಏಪ್ರಿಲ್ ಮೇ ತಿಂಗಳಲ್ಲಿ ಬಿಸಿಲು 40 ಡಿಗ್ರಿಯನ್ನು ದಾಟಿದಾಗ ನಾವು ಬದುಕಿರುವುದು ಇವುಗಳಿಂದ. ಬೆವರು ಸುರಿಯುವುದರಿಂದಲ್ಲ, ಆರುವುದರಿಂದ ಮೈ ತಂಪಾಗುತ್ತದೆ. ಕುಡಿಯುವ ನೀರಿನ ಮಣ್ಣಿನ ಕೊಡವು ತಣ್ಣಗಾಗುವ ಕ್ರಮವೇ ಇದು. ಬಿಸಿಲಿನಲ್ಲಿ ದುಡಿದವನ ಬೆವರು ನಿಂತುಹೋಗಿ, ಮೈ ಸುಡುತ್ತ, ಮಾತು ತಡವರಿಸತೊಡಗಿದರೆ ಅದು ಬಿಸಿಲಾಘಾತ. ಕೂಡಲೆ ನೆರಳಿಗೆ ಒಯ್ದು ಒದ್ದೆ ಬಟ್ಟೆ ಹೊದಿಸಿ ಗಾಳಿ ಬೀಸುತ್ತ ಆಸ್ಪತ್ರೆಗೆ ಸಾಗಿಸಬೇಕು.

ಚರ್ಮದ ವಿಷಯದಲ್ಲಿಯೂ ಶಬ್ದದ ತೊಡಕೊಂದಿದೆ. ಕುಷ್ಠರೋಗದ ತೆಲುಗು ಭಿತ್ತಿಪತ್ರಗಳಲ್ಲಿ "ಸ್ಪರ್ಶ ಲೇನಿ ಮಚ್ಚಲು" ಎಂದಿರುತ್ತದೆ. ನಮ್ಮ ಮನೆಗಳಲ್ಲಿ ಮಚ್ಚೆಯೆಂದರೆ ಹುಟ್ಟಿನೊಂದಿಗೆ ಬಂದ ಕರಿಯ ಗುರುತು. ಕೆನ್ನೆಯ ಮೇಲಿದ್ದರೆ ಅದೃಷ್ಟ ಎನ್ನುವವರೂ ಉಂಟು. ತೆಲುಗಿನಲ್ಲಿ ಅದಕ್ಕೆ "ಪುಟ್ಟುಮಚ್ಚ" ಎಂದು ಬೇರೆ ಹೆಸರಿದೆ. ಬರಿಯ "ಮಚ್ಚ" ಎಂದರೆ ಮೈಮೇಲಿನ ಯಾವುದೇ ಕಲೆ. ಚರ್ಮದ ಬಣ್ಣಕ್ಕಿಂತ ತಿಳಿಯಾಗಿ ಅಥವಾ ತಾಮ್ರದಂತೆ ಕೆಂಪಾಗಿ ಕಾಣುವ, ಮುಟ್ಟಿದರೆ ತಿಳಿಯದ ಜೋಮು ಹಿಡಿದ ಕಲೆಯು ಆ ರೋಗದ ಚಿಹ್ನೆ. ಅದನ್ನು ಉಂಟುಮಾಡುವ ಜೀವಾಣುವನ್ನು ನಾರ್ವೆಯ ಹ್ಯಾನ್ಸನ್ ಎಂಬ ವೈದ್ಯನು 1873ರಲ್ಲಿಯೇ ಕಂಡುಹಿಡಿದನು. ಇಂದು ಸರ್ಕಾರಿ ಆಸ್ಪತ್ರೆಗಳಲ್ಲಿ ಉಚಿತವಾಗಿ ದೊರೆಯುವ ಬಹು ಔಷಧ ಚಿಕಿತ್ಸೆಯಿಂದ ಅದು ಸಂಪೂರ್ಣ ವಾಸಿಯಾಗುತ್ತದೆ. ನೋವಿಲ್ಲವೆಂದು ಸುಮ್ಮನಿರುವುದೇ ಅದರಲ್ಲಿ ದೊಡ್ಡ ಅಪಾಯ.

ಇನ್ನು ಎಲುಬು. ನಮ್ಮ ಶಾಲೆಯ ಪ್ರಯೋಗಶಾಲೆಯಲ್ಲಿ ಚಿತ್ರಕಲೆಯ ಮೇಷ್ಟರು ದಪ್ಪ ಬಟ್ಟೆಯ ಮೇಲೆ ಬಣ್ಣದಲ್ಲಿ ಬರೆದುಕೊಟ್ಟಿದ್ದ ಆಳೆತ್ತರದ ಅಸ್ಥಿಪಂಜರದ ಪಟವು ಅನೇಕರಿಗೆ ನೆನಪಿರಬಹುದು. ಅದಕ್ಕೆ ಹುಡುಗರು ಇಟ್ಟಿದ್ದ ಹೆಸರನ್ನು ಇಲ್ಲಿ ಬರೆಯಲಾಗದು. ಒಂದು ದಿನ ಮುಂದಿನ ಬೆಂಚಿನ ಹುಡುಗಿಯೊಬ್ಬಳು ಎದ್ದು ನಿಂತು, "ಸಾರ್, ಪಟದಾಗ ಪಕ್ಕೆಲುಬು ಇಪ್ಪತ್ತಾರು ಅದಾವ್ರಿ, ನೀವು ಇಪ್ಪತ್ನಾಕು ಅಂತೀರಿ" ಎಂದಳು. ಎಣಿಸಿದೆನು, ಅವಳೇ ಸರಿ. ಮೇಷ್ಟರು ಕೈ ಬಂದಂತೆ ಒಂದು ಜೊತೆಯನ್ನು ಹೆಚ್ಚಾಗಿಯೇ ಬರೆದಿದ್ದರು. ಆರು ವರ್ಷ ಆ ಪಟವನ್ನು ತೋರಿಸಿ ಪಾಠ ಹೇಳಿದ ನಾನು ಒಮ್ಮೆಯೂ ಎಣಿಸಿರಲಿಲ್ಲ. ಗಂಡಾಗಲಿ ಹೆಣ್ಣಾಗಲಿ ಪಕ್ಕೆಲುಬುಗಳು ಹನ್ನೆರಡು ಜೊತೆ.

ಬೆಳೆದ ಮನುಷ್ಯನಲ್ಲಿ 206 ಎಲುಬುಗಳು. ಹುಟ್ಟಿದ ಕೂಸಿನಲ್ಲಿ ಸುಮಾರು 270ರಿಂದ 300. ಬೆಳೆಯುತ್ತ ಅನೇಕ ಎಲುಬುಗಳು ಒಂದಕ್ಕೊಂದು ಕೂಡಿಕೊಳ್ಳುತ್ತವೆ. ಕೂಸಿನ ನೆತ್ತಿಯಲ್ಲಿ ಮೆತ್ತಗೆ ಮಿಡಿಯುವ ಜಾಗವು ಇನ್ನೂ ಕೂಡದ ಎಲುಬುಗಳ ನಡುವಿನ ಬಿಡುವು. ಸುಶ್ರುತನು 300 ಎಂದೂ ಚರಕನು 360 ಎಂದೂ ಎಣಿಸಿದ್ದಾರೆ. ಚರಕನು ಹಲ್ಲು ಉಗುರುಗಳನ್ನೂ ಲೆಕ್ಕಕ್ಕೆ ಸೇರಿಸಿದ್ದಾನೆ. ತಲೆಯಿಂದ ಆರಂಭಿಸಿದರೆ ಬುರುಡೆಯಲ್ಲಿ 22. ಎರಡು ಕಿವಿಗಳೊಳಗೆ ಮೂರು ಮೂರರಂತೆ 6. ನಾಲಗೆಯ ಬುಡದಲ್ಲಿ ಬೇರೆ ಯಾವ ಎಲುಬಿಗೂ ತಾಗದೆ ತೂಗುವ ಲಾಳದಾಕಾರದ ಎಲುಬು 1. ಬೆನ್ನುಮೂಳೆಯಲ್ಲಿ ಮಕ್ಕಳಿಗೆ 33 ಮಣಿಗಳು. ದೊಡ್ಡವರಲ್ಲಿ ಕೆಳಗಿನವು ಕೂಡಿ 26 ಆಗುತ್ತವೆ. ಪಕ್ಕೆಲುಬು 24, ಎದೆಯ ನಡುವಿನ ಎಲುಬು 1. ಇಲ್ಲಿಗೆ 80. ಹೆಗಲು, ಸೊಂಟ, ಕೈ, ಕಾಲುಗಳು ಉಳಿದ 126. ಎರಡು ಅಂಗೈ ಬೆರಳುಗಳೂ ಎರಡು ಪಾದಗಳೂ ಕೂಡಿ 106 ಎಲುಬುಗಳು, ಅಂದರೆ ಇಡೀ ದೇಹದ ಅರ್ಧಕ್ಕಿಂತ ಹೆಚ್ಚು ಕೈಕಾಲುಗಳ ತುದಿಯಲ್ಲಿಯೇ ಇವೆ. ಕತ್ತಿನಲ್ಲಿ ನಮಗೆ ಏಳು ಮಣಿಗಳು, ಜಿರಾಫೆಗೂ ಏಳೇ. ನಾಲಗೆಯಲ್ಲಿ ಎಲುಬಿಲ್ಲ, ಆದುದರಿಂದಲೇ ಅದು ಹೇಗೆ ಬೇಕಾದರೂ ಹೊರಳುತ್ತದೆ ಎಂದು ಕನ್ನಡದವರು ಆಡಿಕೊಳ್ಳುತ್ತಾರೆ. ತೆಲುಗಿನವರು ಧಾರಾಳವಾಗಿ ದಾನ ಮಾಡುವವನ ಕೈಯನ್ನು "ಎಮುಕ ಲೇನಿ ಚೇಯಿ" ಎನ್ನುತ್ತಾರೆ. ಎಲುಬಿಲ್ಲದಿರುವಿಕೆ ನಮ್ಮಲ್ಲಿ ನಿಂದೆ, ಅವರಲ್ಲಿ ಸ್ತುತಿ!

ಬುರುಡೆಯ ಮಾತು ಬಂದುದರಿಂದ ಒಂದು ಸೂಚನೆ. ವಿಜಯದಶಮಿಯ ರಾತ್ರಿ ದೇವರಗಟ್ಟಿನಲ್ಲಿ ಮಾಳ ಮಲ್ಲೇಶ್ವರನ ಬನ್ನಿ ಉತ್ಸವದ ಕೋಲಾಟಕ್ಕೆ ನಮ್ಮ ಹಳ್ಳಿಗಳಿಂದ ಹೋಗುವವರಿದ್ದಾರೆ. ತಲೆಯ ಚರ್ಮದಲ್ಲಿ ರಕ್ತನಾಳಗಳು ದಟ್ಟವಾಗಿರುವುದರಿಂದ ಚಿಕ್ಕ ಗಾಯಕ್ಕೂ ಮುಖವೆಲ್ಲ ಕೆಂಪಾಗುವಷ್ಟು ರಕ್ತ ಸುರಿಯುತ್ತದೆ. ಅದಕ್ಕೆ ಅಂಜಬೇಕಾದುದಿಲ್ಲ, ಶುಭ್ರವಾದ ಬಟ್ಟೆಯಿಂದ ಒತ್ತಿ ಹಿಡಿದರೆ ನಿಲ್ಲುತ್ತದೆ. ಅಂಜಬೇಕಾದುದು ರಕ್ತವೇ ಬಾರದ ಪೆಟ್ಟಿಗೆ. ಪೆಟ್ಟು ತಿಂದವನು ವಾಂತಿ ಮಾಡಿದರೆ, ಮಂಕಾಗಿ ನಿದ್ರೆಗೆ ಜಾರಿದರೆ, ಕಿವಿ ಮೂಗುಗಳಿಂದ ನೀರಿನಂತಹುದು ಸೋರಿದರೆ, ಭಂಡಾರವನ್ನು ಮೆತ್ತಿ ಮಲಗಿಸದೆ ಆಗಲೇ ಆಸ್ಪತ್ರೆಗೆ ಒಯ್ಯಬೇಕು.

ಎಲುಬು ಕಲ್ಲಿನಂತೆ ನಿರ್ಜೀವವೆಂಬ ಭಾವನೆಯು ತಪ್ಪು. ಅದರಲ್ಲಿ ರಕ್ತವು ಹರಿಯುತ್ತದೆ. ಮಜ್ಜೆಯಲ್ಲಿ ರಕ್ತದ ಕಣಗಳು ಹುಟ್ಟುತ್ತವೆ. ಅದು ಎರಡು ವಸ್ತುಗಳ ಹೆಣಿಗೆ: ಬಾಗುವ ನಾರಿನ ಪ್ರೋಟೀನು ಒಂದು, ಗಟ್ಟಿಯಾದ ಕ್ಯಾಲ್ಸಿಯಂ ಫಾಸ್ಫೇಟು ಇನ್ನೊಂದು. ಕೋಳಿಯ ಕಾಲಿನ ಎಲುಬನ್ನು ದುರ್ಬಲ ಆಮ್ಲದಲ್ಲಿ ಕೆಲವು ದಿನ ನೆನೆಯಿಟ್ಟು, ಸುಣ್ಣದ ಅಂಶವು ಕರಗಿದ ಮೇಲೆ ಅದನ್ನು ಹಗ್ಗದಂತೆ ಗಂಟು ಹಾಕಿ ತೋರಿಸುತ್ತಿದ್ದೆನು. ಇನ್ನೊಂದು ಎಲುಬನ್ನು ಕೆಂಡದಲ್ಲಿ ಸುಟ್ಟು ನಾರಿನ ಅಂಶವನ್ನು ಕಳೆದರೆ ಅದು ಹಪ್ಪಳದಂತೆ ಪುಡಿಯಾಗುತ್ತಿತ್ತು. ನಾರು ಹೆಚ್ಚಿರುವ ಮಕ್ಕಳ ಎಲುಬು ಹಸಿ ಬೇವಿನ ಕಡ್ಡಿಯಂತೆ ಬಾಗಿ ಅರ್ಧ ಸೀಳುತ್ತದೆ. ಮುದುಕರದು ಒಣಗಿದ ತೊಗರಿಕಟ್ಟಿಗೆಯಂತೆ ಚಟ್ಟನೆ ಮುರಿಯುತ್ತದೆ. ಎಲುಬು ಕಟ್ಟಿಸಲು ಪುತ್ತೂರಿನವರೆಗೆ ಹೋಗಿಬರುವ ರೂಢಿ ನಮ್ಮಲ್ಲಿ ಇದೆ. ಯಾರೇ ಕಟ್ಟಲಿ, ಕಟ್ಟಿದ ಮೇಲೆ ಬೆರಳುಗಳು ತಣ್ಣಗಾಗಿ, ನೀಲಿಗಟ್ಟಿ, ಜೋಮು ಹಿಡಿದರೆ ಕಟ್ಟು ಬಿಗಿಯಾಗಿದೆಯೆಂದು ಅರ್ಥ. ಬೆಳಗಾಗಲಿ ಎಂದು ಕಾಯದೆ ಆ ಗಳಿಗೆಯಲ್ಲಿಯೇ ಸಡಿಲಿಸಬೇಕು.

ಕೊನೆಯದಾಗಿ ರಾಯಲಸೀಮೆಯವರೆಲ್ಲರೂ ತಿಳಿದಿರಬೇಕಾದ ಒಂದು ವಿಷಯ. ಕೊಳವೆಬಾವಿಯ ನೀರಿನಲ್ಲಿ ಫ್ಲೋರೈಡ್ ಎಂಬ ಲವಣವು ಮಿತಿಮೀರಿದರೆ ಅದು ವರ್ಷಗಟ್ಟಲೆ ಎಲುಬಿನಲ್ಲಿ ಸೇರಿಕೊಳ್ಳುತ್ತದೆ. ಲೀಟರಿಗೆ ಒಂದು ಮಿಲಿಗ್ರಾಂವರೆಗೆ ಒಳ್ಳೆಯದು, ಬೇರೆ ನೀರು ಸಿಗದಲ್ಲಿ ಒಂದೂವರೆಯವರೆಗೆ ಸಹಿಸಬಹುದು ಎಂಬುದು ನಮ್ಮ ದೇಶದ ಮಾನಕ. ಈ ರೋಗವನ್ನು ಭಾರತದಲ್ಲಿ ಮೊದಲು ಗುರುತಿಸಿದುದು 1937ರಲ್ಲಿ, ಮದರಾಸು ಪ್ರಾಂತದ ಅಂದಿನ ನೆಲ್ಲೂರು ಜಿಲ್ಲೆಯಲ್ಲಿ. ಅನಂತಪುರ, ಪ್ರಕಾಶಂ, ನಲ್ಗೊಂಡ ಜಿಲ್ಲೆಗಳು ಇದಕ್ಕೆ ಹೆಸರಾಗಿವೆ. ಮಕ್ಕಳ ಹಲ್ಲುಗಳಲ್ಲಿ ಮೊದಲು ಸುಣ್ಣದಂತಹ ಬಿಳಿ, ಅನಂತರ ಕಂದು ಗೆರೆಗಳು ಅಡ್ಡಡ್ಡ ಮೂಡುತ್ತವೆ. ಅವು ಎಷ್ಟು ಉಜ್ಜಿದರೂ ಹೋಗುವುದಿಲ್ಲ. ದೊಡ್ಡವರಲ್ಲಿ ಎಲುಬನ್ನು ಕಟ್ಟಿರುವ ಅಸ್ಥಿರಜ್ಜುಗಳೇ ಸುಣ್ಣಗಟ್ಟಿ ಗಟ್ಟಿಯಾಗುತ್ತವೆ. ಬೆನ್ನು ಬಿದಿರಿನಂತೆ ಬಿಗಿಯುತ್ತದೆ.

ಇದನ್ನು ಮನೆಯಲ್ಲಿಯೇ ನೋಡಿಕೊಳ್ಳುವ ಮೂರು ಪರೀಕ್ಷೆಗಳಿವೆ. ಮೊಣಕಾಲನ್ನು ಮಡಿಸದೆ ಬಗ್ಗಿ ಕಾಲ್ಬೆರಳನ್ನು ಮುಟ್ಟಬೇಕು. ಗಲ್ಲವನ್ನು ಎದೆಗೆ ತಾಗಿಸಬೇಕು. ಕೈಗಳನ್ನು ಪಕ್ಕಕ್ಕೆ ಚಾಚಿ ಮಡಿಸಿ ತಲೆಯ ಹಿಂಭಾಗವನ್ನು ಹಿಡಿಯಬೇಕು. ವಯಸ್ಸಿನಿಂದಲೂ ಇವು ಕಷ್ಟವಾಗಬಹುದು. ನನಗೆ ಮೊದಲನೆಯದು ಈಗ ಆಗುವುದಿಲ್ಲ. ಆದರೆ ಮೂವತ್ತು ನಲವತ್ತರ ವಯಸ್ಸಿನವರಿಗೆ ಇವು ಆಗದಿದ್ದರೆ, ಮನೆಯ ಮಕ್ಕಳ ಹಲ್ಲುಗಳಲ್ಲಿಯೂ ಗೆರೆಗಳಿದ್ದರೆ, ಕುಡಿಯುವ ನೀರನ್ನು ಒಂದು ಶುದ್ಧವಾದ ಪ್ಲಾಸ್ಟಿಕ್ ಬಾಟಲಿಯಲ್ಲಿ ತುಂಬಿ, ಯಾವ ಬಾವಿಯದೆಂದು ಚೀಟಿ ಅಂಟಿಸಿ, ಗ್ರಾಮೀಣ ನೀರು ಸರಬರಾಜು ಇಲಾಖೆಯ ಪ್ರಯೋಗಾಲಯದಲ್ಲಿ ಪರೀಕ್ಷೆ ಮಾಡಿಸಬೇಕು. ನೀರನ್ನು ಕುದಿಸಿದರೆ ಫ್ಲೋರೈಡ್ ಹೋಗುವುದಿಲ್ಲ. ನೀರು ಆವಿಯಾದಷ್ಟೂ ಉಳಿದುದರಲ್ಲಿ ಅದು ಹೆಚ್ಚುತ್ತದೆ.